ಎಸೆದದ್ದಕ್ಕೇ ಬೆಲೆ: ಬೇಸ್‌ಬಾಲ್ ಕಾರ್ಡುಗಳ ಸಂತೆ

(ಉಪನ್ಯಾಸವೊಂದರ ಬರಹರೂಪ)

ಸಭಿಕರಲ್ಲಿ ಬೇಸ್‌ಬಾಲ್ ಆಟವನ್ನು ಕಣ್ಣಾರೆ ಕಂಡವರು ಕಡಿಮೆ ಇರಬಹುದು. ಅದರಿಂದ ಈ ಹೊತ್ತಿನ ವಿಷಯಕ್ಕೇನೂ ಬಾಧಕವಿಲ್ಲ. ಇದು ಆಟದ ಕಥೆಯಲ್ಲ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ರಟ್ಟಿನ ತುಂಡೊಂದರ ಕಥೆ. ಮುಂಬದಿಯಲ್ಲಿ ಆಟಗಾರನ ಚಿತ್ರ. ಹಿಂಬದಿಯಲ್ಲಿ ಅವನ ಊರು, ವಯಸ್ಸು, ಆಟದ ಅಂಕಿಅಂಶ. ನಮ್ಮಲ್ಲಿಯೂ ಒಂದು ಕಾಲಕ್ಕೆ ಬಬಲ್‌ಗಮ್ಮಿನ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು, ಹುಡುಗರು ಗಮ್ಮಿಗಿಂತ ಹೆಚ್ಚಾಗಿ ಚಿತ್ರಕ್ಕೇ ಕಾಸು ಕೊಡುತ್ತಿದ್ದರು. ಅಮೆರಿಕದಲ್ಲಿ ಈ ಹುಚ್ಚಿಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. 2022ರ ಆಗಸ್ಟ್‌ನಲ್ಲಿ ಇಂಥದೊಂದು ಕಾರ್ಡು ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಆಗಿನ ವಿನಿಮಯ ದರದಲ್ಲಿ ಅದು ಹೆಚ್ಚುಕಡಿಮೆ ನೂರು ಕೋಟಿ ರೂಪಾಯಿ. ಕಾರ್ಡು 1952ರಲ್ಲಿ ಟಾಪ್ಸ್ ಎಂಬ ಗಮ್ ಕಂಪನಿ ಅಚ್ಚುಹಾಕಿದ್ದು. ಚಿತ್ರ ನ್ಯೂಯಾರ್ಕ್ ಯಾಂಕೀಸ್ ತಂಡದ ಮಿಕಿ ಮ್ಯಾಂಟಲ್‌ನದು. ಅಚ್ಚಾದ ವರ್ಷ ಅದು ಕೆಲವೇ ಸೆಂಟುಗಳ ಪೊಟ್ಟಣದೊಳಗೆ ಬರುತ್ತಿತ್ತು.

ಮ್ಯಾಂಟಲ್ ದೊಡ್ಡ ಆಟಗಾರ, ಸಂದೇಹವಿಲ್ಲ. ಆದರೆ ಇದು ಅವನ ಮೊದಲ ಕಾರ್ಡಲ್ಲ. ಬೋಮನ್ ಎಂಬ ಇನ್ನೊಂದು ಕಂಪನಿ 1951ರಲ್ಲೇ ಅವನ ಚಿತ್ರ ಹಾಕಿತ್ತು. ಕಡಿಮೆ ಅಚ್ಚಾದದ್ದೂ ಅಲ್ಲ. ಆ ಕಂತಿನ ಮುದ್ರಣದ ಹಾಳೆಯಲ್ಲಿ ಉಳಿದ ಹೆಚ್ಚಿನವರ ಚಿತ್ರ ಒಂದೊಂದು ಕಡೆ ಇದ್ದರೆ ಮ್ಯಾಂಟಲ್‌ನದು ಎರಡು ಕಡೆ ಇತ್ತು. ಹಾಗಿದ್ದೂ ಈ ಬೆಲೆ ಏಕೆ? ಆ ಕಂತು ಮಾರುಕಟ್ಟೆಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು. ಹುಡುಗರು ಶಾಲೆಗೆ ಮರಳಿದ್ದರು, ಅಂಗಡಿಯವರು ಹೊಸ ಮಾಲು ತರಿಸಲಿಲ್ಲ. ಮಾರಾಟವಾಗದ ಪೆಟ್ಟಿಗೆಗಳು ಬ್ರೂಕ್ಲಿನ್‌ನ ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. ಆ ಸೆಟ್ಟನ್ನು ರೂಪಿಸಿದ ಸೈ ಬರ್ಗರ್ ಅವನ್ನು ಅಗ್ಗಕ್ಕೆ ಸಾಗಹಾಕಲು ನೋಡಿ ಸೋತರು. ಕೊನೆಗೆ 1960ರಲ್ಲಿ ಕಾರ್ಡುಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಇದನ್ನು ಅವರೇ ಮುಂದೆ ಅನೇಕ ಬಾರಿ ಹೇಳಿಕೊಂಡಿದ್ದಾರೆ. ಕಂಪನಿ ಸಮುದ್ರಕ್ಕೆ ಎಸೆಯಿತು, ಮನೆಗಳಲ್ಲಿ ತಾಯಂದಿರು ಕಸಕ್ಕೆ ಎಸೆದರು. ಮಗ ಕಾಲೇಜಿಗೋ ಸೈನ್ಯಕ್ಕೋ ಹೋದ ಮೇಲೆ ಅವನ ಕೋಣೆ ಗುಡಿಸುವಾಗ ಬೂಟಿನ ಡಬ್ಬಿಯ ತುಂಬ ರಟ್ಟಿನ ಚೂರು ಕಂಡರೆ ಯಾವ ತಾಯಿ ಇಟ್ಟುಕೊಂಡಾಳು? ಉಳಿದ ಕಾರ್ಡುಗಳನ್ನಾದರೂ ಹುಡುಗರು ಜೋಪಾನ ಮಾಡಿದ್ದರೆಂದಲ್ಲ. ಗೋಡೆಗೆ ಚಿಮ್ಮಿ ಆಡಿದರು, ರಬ್ಬರ್ ಬ್ಯಾಂಡು ಬಿಗಿದರು, ಗಾಲಿಯ ಕಡ್ಡಿಗೆ ತಾಗುವಂತೆ ಸೈಕಲ್ಲಿಗೆ ಸಿಕ್ಕಿಸಿ ಮೋಟಾರಿನಂತೆ ಪಟಪಟ ಸದ್ದು ಬರಿಸಿದರು. ಹೀಗೆ ಎಲ್ಲರೂ ಎಸೆದು, ಸವೆಸಿ, ಮರೆತ ಮೇಲೆ ಮೂಲೆ ಮುಕ್ಕಾಗದೆ ಉಳಿದ ಒಂದಕ್ಕೆ ಆ ಬೆಲೆ.

ಈ ಕಾರ್ಡುಗಳ ಹುಟ್ಟು ಮಕ್ಕಳಿಗಾಗಿ ಆದದ್ದಲ್ಲ. 1880ರ ದಶಕದಲ್ಲಿ ಸಿಗರೇಟಿನ ಪೊಟ್ಟಣ ಮೆತ್ತಗಿದ್ದು ಸಿಗರೇಟು ಮುರಿಯುತ್ತಿದ್ದುದರಿಂದ ಕಂಪನಿಗಳು ಒಳಗೊಂದು ರಟ್ಟು ಇಡುತ್ತಿದ್ದವು. ಖಾಲಿ ರಟ್ಟಿನ ಬದಲು ಚಿತ್ರವಿದ್ದರೆ ಗಿರಾಕಿ ಮತ್ತೆ ಬಂದಾನೆಂದು ನಟಿಯರು, ಹಕ್ಕಿಗಳು, ಬಾವುಟಗಳು, ಜೊತೆಗೆ ಬೇಸ್‌ಬಾಲ್ ಆಟಗಾರರ ಚಿತ್ರ ಬಂದವು. ಸೇದುವವರು ದೊಡ್ಡವರು, ಕಾರ್ಡಿಗೆ ಕೈಯೊಡ್ಡುವವರು ಅಂಗಡಿಯ ಹೊರಗೆ ಕಾದ ಹುಡುಗರು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿ ಹೊರತಂದ ಮಾಲೆಯಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವಾಗ್ನರ್‌ನ ಚಿತ್ರವೂ ಇತ್ತು. ಅವನು ಬೇಡವೆಂದದ್ದರಿಂದ ಮುದ್ರಣ ನಿಂತಿತು. ಮಕ್ಕಳಿಗೆ ತಂಬಾಕಿನ ಚಟ ಹತ್ತೀತೆಂದು ಬೇಡವೆಂದ ಎನ್ನುವವರೂ ಉಂಟು, ಹಣ ಕೊಡಲಿಲ್ಲವೆಂಬ ಸಿಟ್ಟು ಎನ್ನುವವರೂ ಉಂಟು. ಅವನೇ ತಂಬಾಕು ಅಗಿಯುತ್ತಿದ್ದುದರಿಂದ ಎರಡನೆಯದನ್ನು ನಂಬುವವರಿಗೆ ಸ್ವಲ್ಪ ಬಲ. ಈಗ ಉಳಿದಿರುವುದು ಅರುವತ್ತರ ಆಸುಪಾಸು. 2022ರಲ್ಲಿ ಒಂದು 72 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. ಅದೇ ವರ್ಷ, ಹರಿದುಹೋಗಿ ಅರ್ಧ ಮಾತ್ರ ಉಳಿದಿದ್ದ ಇನ್ನೊಂದಕ್ಕೂ 4 ಲಕ್ಷ 75 ಸಾವಿರ ಡಾಲರಿಗಿಂತ ಹೆಚ್ಚು ಬಂದಿತು.

ಇವು ಪತ್ರಿಕೆಗಳಲ್ಲಿ ಸುದ್ದಿಯಾಗುವ ಕಾರ್ಡುಗಳು. ಹವ್ಯಾಸದ ನಿಜವಾದ ಜೀವ ಇರುವುದು ಅಲ್ಲಿನ ‘ಕಾರ್ಡ್ ಶೋ’ಗಳಲ್ಲಿ. ಶೋ ಎಂದರೂ ಅದು ಸಂತೆಯೇ. ವಾರದ ಕೊನೆಯಲ್ಲಿ ಹೋಟೆಲಿನ ಸಭಾಂಗಣ, ಚರ್ಚಿನ ನೆಲಮಾಳಿಗೆ, ಶಾಲೆಯ ವ್ಯಾಯಾಮಶಾಲೆ ಹಿಡಿದು ಸಾಲಾಗಿ ಮೇಜು ಹಾಕಿಸುತ್ತಾರೆ. ವ್ಯಾಪಾರಿಗಳು ಮೇಜಿಗೆ ಇಷ್ಟೆಂದು ಬಾಡಿಗೆ ತೆತ್ತು, ಕಾರಿನ ಡಿಕ್ಕಿಯಿಂದ ಪೆಟ್ಟಿಗೆ ಇಳಿಸಿ ಕೂರುತ್ತಾರೆ. 1980ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೊದಲಾದ ರಾಷ್ಟ್ರೀಯ ಸಮ್ಮೇಳನ ಇವೆಲ್ಲಕ್ಕೂ ದೊಡ್ಡ ಜಾತ್ರೆ. ಈಗಲೂ ಬೇಸಿಗೆಯಲ್ಲಿ ನಡೆಯುತ್ತದೆ.

ಮೇಜಿನ ಮುಂದೆ ಗಾಜಿನ ಪೆಟ್ಟಿಗೆ, ಅದರಲ್ಲಿ ಬೆಲೆಬಾಳುವ ಕಾರ್ಡು. ಪಕ್ಕದಲ್ಲಿ, ಹಲವು ಬಾರಿ ಮೇಜಿನ ಕೆಳಗೆ, ಉದ್ದನೆಯ ಬಿಳಿ ರಟ್ಟಿನ ಡಬ್ಬಿಗಳು. ಅವುಗಳ ಮೇಲೆ ಹತ್ತು ಸೆಂಟು, ಕಾಲು ಡಾಲರು, ಒಂದು ಡಾಲರು ಎಂದು ಕೈಯಲ್ಲಿ ಬರೆದಿರುತ್ತದೆ. ಪಳಗಿದವರು ಗಾಜಿನ ಪೆಟ್ಟಿಗೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಲ್ಲಿರುವುದರ ಬೆಲೆ ವ್ಯಾಪಾರಿಗೆ ಗೊತ್ತು. ಗೊತ್ತಿರುವುದು ಸೋವಿಗೆ ಸಿಗದು. ಅವರು ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗ್ರಂಥಾಲಯದ ಕಾರ್ಡುಗಳನ್ನು ತಿರುವಿದಂತೆ ಎರಡು ಬೆರಳಲ್ಲಿ ಒಂದೊಂದಾಗಿ ಸರಿಸುತ್ತ ಹೋಗುತ್ತಾರೆ. ಸಾಧಾರಣ ಆಟಗಾರನೆಂದು ಡಬ್ಬಿಗೆ ಹಾಕಿದ್ದರೂ ಆ ವರ್ಷದ ಕೊನೆಯ ಕಂತಿನದಾಗಿರಬಹುದು. ಕೊನೆಯ ಕಂತುಗಳು ವಿರಳ. ಮುದ್ರಣದ ತಪ್ಪಿನಿಂದ ಬೇರೆ ರೂಪ ಪಡೆದದ್ದಿರಬಹುದು. ಅಂದು ಹೆಸರಿಲ್ಲದ ಆಟಗಾರನೊಬ್ಬ ಮುಂದೆ ಹೆಸರಾಂತ ತರಬೇತುದಾರ ಆಗಿರಬಹುದು. ವ್ಯಾಪಾರಿಗೆ ಇಷ್ಟೆಲ್ಲ ನೋಡಲು ಪುರುಸೊತ್ತಿರುವುದಿಲ್ಲ.

ಇನ್ನು ಕೆಲವರ ಕೈಯಲ್ಲಿ ಮಡಿಸಿ ಮಡಿಸಿ ಸವೆದ ಒಂದು ಚೀಟಿ ಇರುತ್ತದೆ. ಅದರ ತುಂಬ ಅಂಕೆಗಳು: ಸೆಟ್ಟು ಪೂರ್ತಿಯಾಗಲು ಇನ್ನೂ ಸಿಗಬೇಕಾದ ಕಾರ್ಡುಗಳ ಸಂಖ್ಯೆ. ಸಂಖ್ಯೆ ಹಾಕುವ ಈ ಉಪಾಯದ ಶಕ್ತಿ ಕಂಪನಿಗಳಿಗೆ ಮೊದಲೇ ತಿಳಿದಿತ್ತು. 1933ರಲ್ಲಿ ಗೌಡೀ ಎಂಬ ಗಮ್ ಕಂಪನಿಯ ಮಾಲೆಯಲ್ಲಿ 106ನೆಯ ಕಾರ್ಡು ಪೊಟ್ಟಣಗಳಲ್ಲಿ ಬರಲೇ ಇಲ್ಲ. ಹುಡುಗರು ಅದಕ್ಕಾಗಿ ಮತ್ತೆ ಮತ್ತೆ ಗಮ್ ಕೊಂಡರು. ದೂರಿನ ಕಾಗದಗಳು ಬಂದಾಗ ಮರುವರ್ಷ ಆ ಕಾರ್ಡನ್ನು ಅಚ್ಚುಹಾಕಿಸಿ, ಬರೆದವರಿಗೆ ಅಂಚೆಯಲ್ಲಿ ಕಳುಹಿಸಿತು. ಕಾಗದಕ್ಕೆ ಸಿಕ್ಕಿಸಿದ ಕ್ಲಿಪ್ಪಿನ ಗುರುತು ಉಳಿದಿರುವ ಕಾರ್ಡುಗಳನ್ನು ಇಂದೂ ಕಾಣಬಹುದು.

ಚೌಕಾಸಿಗೂ ಅಲ್ಲಿ ರೀತಿನೀತಿಯಿದೆ. ಒಂದೊಂದನ್ನೇ ಹಿಡಿದು ಕೊಸರಾಡುವುದಕ್ಕಿಂತ ಹತ್ತಿಪ್ಪತ್ತು ಕಾರ್ಡು ಗುಡ್ಡೆ ಹಾಕಿ, ನಗದು ತೋರಿಸಿ, ಒಟ್ಟಿಗೆ ಎಷ್ಟಕ್ಕೆ ಕೊಡುವಿರಿ ಎಂದು ಕೇಳುವುದು ಜಾಣತನ. ಬೆಳಗ್ಗೆ ಬಾಗಿಲು ತೆಗೆದಾಗ ಹೋದವನಿಗೆ ಆಯ್ಕೆ ಹೆಚ್ಚು. ಭಾನುವಾರ ಸಂಜೆ ಗಂಟುಮೂಟೆ ಕಟ್ಟುವ ಹೊತ್ತಿಗೆ ಹೋದವನಿಗೆ ಬೆಲೆ ಕಡಿಮೆ. ಭಾರದ ಪೆಟ್ಟಿಗೆಯನ್ನು ಮತ್ತೆ ಹೊತ್ತೊಯ್ಯಲು ಯಾರಿಗೂ ಮನಸ್ಸಿಲ್ಲ. ಚಳಿಗಾಲದಲ್ಲಿ, ಆಟವಿಲ್ಲದಾಗ, ಬೆಲೆ ಇಳಿಯುವುದೂ ಉಂಟು. ಆದರೆ ಒಬ್ಬ ಗಿರಾಕಿ ವ್ಯಾಪಾರಿಯೊಡನೆ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಿ ಹೆಚ್ಚು ಬೆಲೆ ಕೂಗುವವನನ್ನು ಯಾರೂ ಮೆಚ್ಚರು.

ಎದುರಿನವನಿಗೆ ಬೆಲೆಯ ಅರಿವೇ ಇಲ್ಲದಿದ್ದರೆ? 1990ರಲ್ಲಿ ಇಲಿನಾಯ್ ರಾಜ್ಯದ ಅಂಗಡಿಯೊಂದರಲ್ಲಿ ಈ ಪ್ರಶ್ನೆ ಎದ್ದಿತು. ಎಸೆತಗಾರ ನೋಲನ್ ರಯನ್‌ನ ಮೊದಲ ಕಾರ್ಡು, 1968ರದ್ದು, ಮಾರಾಟಕ್ಕಿತ್ತು. ಬೆಲೆ 1,200 ಡಾಲರ್. ಚೀಟಿಯಲ್ಲಿ ಅದನ್ನು ಬರೆದಿದ್ದ ರೀತಿಯಿಂದಾಗಿ, ಅನುಭವವಿಲ್ಲದ ಗುಮಾಸ್ತೆ ಅದನ್ನು 12 ಡಾಲರ್ ಎಂದು ಓದಿ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಕೊಟ್ಟುಬಿಟ್ಟಳು. ಹುಡುಗನ ಹತ್ತಿರ ಆಗಲೇ ಸಾವಿರಾರು ಕಾರ್ಡು ಇದ್ದವು, ಬೆಲೆ ತಿಳಿಯದವನಲ್ಲ. ಅಂಗಡಿಯವನು ನ್ಯಾಯಾಲಯಕ್ಕೆ ಹೋದ. ಬೆಲೆ ಕೇಳಿದೆ, ಹೇಳಿದರು, ಕೊಟ್ಟೆ ಎಂಬುದು ಹುಡುಗನ ಪಕ್ಷ. ಊರೆಲ್ಲ ಎರಡಾಗಿ ವಾದಿಸಿತು. ತೀರ್ಪು ಬರುವ ಮೊದಲೇ ಇಬ್ಬರೂ ರಾಜಿಯಾಗಿ, ಕಾರ್ಡನ್ನು ಹರಾಜು ಹಾಕಿ ಹಣವನ್ನು ದಾನಕ್ಕೆ ಕೊಡಲು ಒಪ್ಪಿದರು. ವ್ಯಾಪಾರಿಯ ಅಜಾಗರೂಕತೆಯಿಂದ ಸಿಕ್ಕ ಸೋವಿಯನ್ನು ಹೆಚ್ಚಿನವರು ತಪ್ಪೆನ್ನುವುದಿಲ್ಲ, ಅದು ಅವನ ಕಸುಬು. ಗಂಡನ ಹಳೆಯ ಪೆಟ್ಟಿಗೆ ಹಿಡಿದು ಬಂದ ಮುದುಕಿಗೆ ಹತ್ತು ಡಾಲರು ಕೊಟ್ಟು ಕಳುಹಿಸುವ ವ್ಯಾಪಾರಿಯ ಮಾತು ಬೇರೆ. ವಿಚಿತ್ರವೆಂದರೆ ಕಾನೂನು ಹುಡುಕಿಕೊಂಡು ಹೋದದ್ದು ಹುಡುಗನನ್ನು. ಮುದುಕಿಯ ಪರವಾಗಿ ಯಾರೂ ಹೋದದ್ದು ಕಡಿಮೆ.

ಆ 1990ರ ಸುಮಾರು ಹುಚ್ಚು ನೆತ್ತಿಗೇರಿದ ಕಾಲ. ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಬೆಕೆಟ್ 1979ರಿಂದ ಬೆಲೆಗಳ ಕೈಪಿಡಿ ತರತೊಡಗಿದ್ದರು, 1984ರಲ್ಲಿ ಮಾಸಪತ್ರಿಕೆಯೂ ಬಂತು. ಪ್ರತಿ ಕಾರ್ಡಿಗೂ ಮೇಲಿನ ಬೆಲೆ, ಕೆಳಗಿನ ಬೆಲೆ. ಟಾಪ್ಸ್ ಕಂಪನಿಯ ಏಕಸ್ವಾಮ್ಯ ನ್ಯಾಯಾಲಯದಲ್ಲಿ ಮುರಿದು 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್, 1989ರಲ್ಲಿ ಅಪರ್ ಡೆಕ್ ಕಣಕ್ಕಿಳಿದವು. ತಂದೆಯ ಕಾರ್ಡುಗಳನ್ನು ಅಜ್ಜಿ ಎಸೆದಳೆಂಬ ಕಥೆ ಮನೆಮನೆಯಲ್ಲೂ ಇತ್ತು. ಈ ಬಾರಿ ಯಾರೂ ಎಸೆಯಲಿಲ್ಲ. ಮಕ್ಕಳ ಕಾಲೇಜಿನ ಖರ್ಚಿಗಾದೀತೆಂದು ದೊಡ್ಡವರು ಪೆಟ್ಟಿಗೆಗಟ್ಟಲೆ ಕೊಂಡು, ಮುದ್ರೆಯನ್ನೂ ಒಡೆಯದೆ ಅಟ್ಟದಲ್ಲಿಟ್ಟರು. ಕಂಪನಿಗಳು ಲೆಕ್ಕ ಹೇಳದೆ ಅಚ್ಚುಹಾಕುತ್ತಲೇ ಹೋದವು. 1994ರ ಆಗಸ್ಟ್‌ನಲ್ಲಿ ಆಟಗಾರರು ಮುಷ್ಕರ ಹೂಡಿ ಆ ವರ್ಷದ ಅಂತಿಮ ಸರಣಿಯೇ ರದ್ದಾದಾಗ ಜನರ ಉತ್ಸಾಹವೂ ಇಳಿಯಿತು. ಮೂವತ್ತು ವರ್ಷ ಜೋಪಾನ ಮಾಡಿದ ಆ ಪೆಟ್ಟಿಗೆಗಳನ್ನು ಇಂದು ಸಂತೆಗೆ ಒಯ್ದರೆ ಹೆಚ್ಚಿನವಕ್ಕೆ ಕೊಂಡ ಬೆಲೆಯೂ ಹುಟ್ಟುವುದಿಲ್ಲ. ಮೂಲೆ ಮುಕ್ಕಾಗದ, ಹೊಳಪು ಮಾಸದ ಕಾರ್ಡುಗಳೇ ಅವೆಲ್ಲ. ಎಲ್ಲರ ಅಟ್ಟದಲ್ಲೂ ಇವೆ, ಅಷ್ಟೇ.

ಬೆಲೆ ಏರಿದ ಕಡೆ ಕತ್ತರಿಯೂ ಬರುತ್ತದೆ. ಸವೆದ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿದರೆ ಹಳೆಯ ಕಾರ್ಡು ಹೊಸದಾಗಿ ಕಾಣುತ್ತದೆ. ಅದಕ್ಕೇ ಅನುಭವಿಗಳ ಜೇಬಿನಲ್ಲಿ ಭೂತಕನ್ನಡಿ, ಅಳತೆಪಟ್ಟಿ, ಪುಟ್ಟದೊಂದು ನೇರಳಾತೀತ ದೀಪ. ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕ ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದದ್ದು. 1910ರ ಕಾರ್ಡು ಆ ದೀಪದಡಿ ನೀಲಿಯಾಗಿ ಹೊಳೆದರೆ ಅದು ನಕಲಿ. 1991ರಿಂದ ಪಿಎಸ್‌ಎ ಎಂಬ ಸಂಸ್ಥೆ ಕಾರ್ಡುಗಳನ್ನು ಪರೀಕ್ಷಿಸಿ, ಹತ್ತರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ಕಿನ ಫಲಕದಲ್ಲಿ ಮುದ್ರೆ ಹಾಕಿ ಕೊಡತೊಡಗಿತು. ಅದು ಮೊತ್ತಮೊದಲು ದರ್ಜೆ ಕೊಟ್ಟದ್ದು ಒಂದು ವಾಗ್ನರ್ ಕಾರ್ಡಿಗೆ, ಅಂಕ ಎಂಟು. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ತನ್ನ ಪಾಲುದಾರನೊಂದಿಗೆ ಅದನ್ನು ಆ ವರ್ಷವೇ 4 ಲಕ್ಷ 51 ಸಾವಿರ ಡಾಲರಿಗೆ ಕೊಂಡಿದ್ದ. ಆ ಕಾರ್ಡಿನ ಅಂಚನ್ನು ಕತ್ತರಿಸಿದ್ದು ತಾನೇ ಎಂದು ಹರಾಜುದಾರ ಬಿಲ್ ಮಾಸ್ಟ್ರೋ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ದರ್ಜೆಪತ್ರವನ್ನೇ ವೇದವಾಕ್ಯವೆಂದು ನಂಬುವವರು ಈ ಸಂಗತಿಯನ್ನು ನೆನೆಯುವುದಿಲ್ಲ.

1995ರಲ್ಲಿ ಇಬೇ ಬಂದ ಮೇಲೆ ಸೋವಿಯ ಬೇಟೆಗೆ ಪೆಟ್ಟು ಬಿದ್ದಿತು. ನಿನ್ನೆ ಯಾವ ಕಾರ್ಡು ಎಷ್ಟಕ್ಕೆ ಹೋಯಿತೆಂದು ಮೇಜಿನ ಎರಡು ಬದಿಯವರೂ ಈಗ ಮೊಬೈಲಿನಲ್ಲಿ ನೋಡುತ್ತಾರೆ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಮನೆಯಲ್ಲಿ ಕುಳಿತವರು ಹಳೆಯ ಡಬ್ಬಿ ತೆಗೆದು ನೋಡಿದರು, ಬೆಲೆ ಮತ್ತೆ ಏರಿತು, ಶೋಗಳಲ್ಲಿ ಮತ್ತೆ ಜನಸಂದಣಿ. ಆದರೂ ಹತ್ತು ಸೆಂಟಿನ ಡಬ್ಬಿಯನ್ನು ಯಾರೂ ಒಂದೊಂದಾಗಿ ಮೊಬೈಲಿನಲ್ಲಿ ಪರೀಕ್ಷಿಸರು. ಮಡಿಕೆ ಬಿದ್ದದ್ದು, ಮೂಲೆ ಉರುಟಾದದ್ದು, ಹಿಂದೆ ಯಾವುದೋ ಹುಡುಗ ಪೆನ್ನಿನಲ್ಲಿ ಹೆಸರು ಬರೆದದ್ದು ಇವನ್ನೇ ಬಯಸಿ ಕೊಳ್ಳುವ ಒಂದು ಪಂಗಡವಿದೆ. ಅಂಕದ ಆಸೆಯಿಲ್ಲದವರಿಗೆ 1950ರ ದಶಕದ ದೊಡ್ಡ ಆಟಗಾರರು ಕೂಡ ಕೈಗೆಟಕುವ ಬೆಲೆಗೆ ಸಿಗುತ್ತಾರೆ.

ಈ ಪಂಗಡಕ್ಕೆ ಹಿರಿಯನೆನ್ನಬಹುದಾದವನು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಜೆಫರ್‌ಸನ್ ಬರ್ಡಿಕ್. ವಿದ್ಯುತ್ ಉಪಕರಣದ ಕಾರ್ಖಾನೆಯಲ್ಲಿ ನೌಕರಿ, ಕೀಲುನೋವಿನಿಂದ ಬಾಗಿದ ಮೈ, ಒಂಟಿ ಬದುಕು. ಯಾರೂ ಲಕ್ಷಿಸದ ಕಾಲದಲ್ಲಿ ಸಿಗರೇಟಿನ ಕಾರ್ಡು, ಜಾಹೀರಾತಿನ ಚೀಟಿ, ಅಂಚೆಕಾರ್ಡು, ಬೇಸ್‌ಬಾಲ್ ಚಿತ್ರ ಎಲ್ಲವನ್ನೂ ಕೂಡಿಸಿ, ವಿಂಗಡಿಸಿ, ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ. ವಾಗ್ನರ್‌ನಿರುವ ಮಾಲೆಯನ್ನು ಇಂದಿಗೂ ಟಿ-206 ಎಂದು ಕರೆಯುವುದು ಅವನ ಪಟ್ಟಿಯ ಪ್ರಕಾರ. ಆ ಪಟ್ಟಿಯಲ್ಲಿ ವಾಗ್ನರ್‌ಗೆ ಅವನು ಹಾಕಿದ್ದ ಬೆಲೆ 50 ಡಾಲರ್. ಮೂರು ಲಕ್ಷಕ್ಕೂ ಮಿಕ್ಕ ತನ್ನ ಸಂಗ್ರಹವನ್ನು ಅವನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟ. ನೌಕರಿ ಬಿಟ್ಟ ಮೇಲೆ ಅಲ್ಲಿಯೇ ಒಂದು ಮೇಜಿನ ಮುಂದೆ ಕೂತು ನೂರಾರು ಆಲ್ಬಮ್ಮುಗಳಿಗೆ ಅವನ್ನು ಅಂಟಿಸಿದ. ಕೆಲಸ ಮುಗಿದದ್ದು 1963ರ ಜನವರಿಯಲ್ಲಿ, ಅವನು ತೀರಿಕೊಂಡದ್ದು ಮಾರ್ಚಿಯಲ್ಲಿ. ವಾಗ್ನರ್‌ನದೂ ಒಂದು ಆ ಸಂಗ್ರಹದಲ್ಲಿದೆ. ಬೆನ್ನಿಗೆ ಅಂಟು ಮೆತ್ತಿದ ಕಾರ್ಡನ್ನು ಇಂದಿನ ಪರೀಕ್ಷಕರ ಮುಂದಿಟ್ಟರೆ ಅತಿ ಕೆಳಗಿನ ಅಂಕಗಳಲ್ಲೊಂದು ಸಿಕ್ಕೀತು.