ಸರ್ಕಾರಿ ವಕೀಲರು ಯಾರ ಪರ?



ಸರ್ಕಾರಿ ವಕೀಲರೆಂದೊಡನೆ ಸರ್ಕಾರದ ಕೃತ್ಯಗಳನ್ನೆಲ್ಲ ಸಮರ್ಥಿಸುವವರೆಂದೇ ನಾವು ಭಾವಿಸುತ್ತೇವೆ. ಕಾನೂನು ವ್ಯಾಸಂಗ ಮಾಡುತ್ತಿರುವ ನಮ್ಮ ಧರ್ಮಕೇಂದ್ರದ ಯುವಜನರ ಮುಂದೆ ಅಮೆರಿಕದ ಒಂದು ಮೊಕದ್ದಮೆಯನ್ನು ಇಡಬಯಸುತ್ತೇವೆ.

ಆಸ್ಪತ್ರೆಗಳ ನಿರ್ಮಾಣಕ್ಕೆ ಧನಸಹಾಯ ನೀಡಲು ಅಲ್ಲಿ 1946ರಲ್ಲಿ ಹಿಲ್-ಬರ್ಟನ್ ಶಾಸನ ರಚಿತವಾಯಿತು. ಕಪ್ಪು ಜನಾಂಗದವರಿಗೆ ಅಷ್ಟೇ ಗುಣಮಟ್ಟದ ಪ್ರತ್ಯೇಕ ಏರ್ಪಾಡಿದ್ದರೆ, ಅವರನ್ನು ಹೊರಗಿಟ್ಟ ಆಸ್ಪತ್ರೆಗೂ ಹಣ ಸಲ್ಲಬಹುದೆಂಬ ವಿಧಿ ಅದರಲ್ಲಿತ್ತು. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ನಗರದ ಎರಡು ಆಸ್ಪತ್ರೆಗಳು ಲಕ್ಷಗಟ್ಟಲೆ ಡಾಲರುಗಳನ್ನು ಪಡೆದವು. ಒಂದು ಆ ಜನಾಂಗದ ರೋಗಿಗಳನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಇನ್ನೊಂದು ಷರತ್ತುಗಳ ಮೇಲೆ ಕೆಲವರನ್ನಷ್ಟೇ ಸೇರಿಸಿಕೊಳ್ಳುತ್ತಿತ್ತು. ತೆರಿಗೆಯನ್ನು ಮಾತ್ರ ಎಲ್ಲರೂ ತೆರಬೇಕಿತ್ತು!

ದಂತವೈದ್ಯ ಜಾರ್ಜ್ ಸಿಮ್ಕಿನ್ಸ್ ಮತ್ತು ಸಂಗಡಿಗರು 1962ರಲ್ಲಿ ನ್ಯಾಯಾಲಯದ ಮೊರೆಹೊಕ್ಕರು. ಶಾಸನವನ್ನು ಯಾರಾದರೂ ಪ್ರಶ್ನಿಸಿದಾಗ ಅದರ ರಕ್ಷಣೆಗೆ ನಿಲ್ಲುವುದು ಸರ್ಕಾರಿ ವಕೀಲರ ವಾಡಿಕೆ. ಆದರೆ ರಾಬರ್ಟ್ ಕೆನೆಡಿಯವರು ಅಟಾರ್ನಿ ಜನರಲ್ ಆಗಿದ್ದ ಆ ಕಾಲದಲ್ಲಿ, ನ್ಯಾಯ ಇಲಾಖೆಯ ವಕೀಲರು ಫಿರ್ಯಾದಿಗಳ ಪಕ್ಕದಲ್ಲಿ ನಿಂತರು. ತಮ್ಮದೇ ಸರ್ಕಾರದ ಶಾಸನದ ಆ ವಿಧಿಯು ಸಂವಿಧಾನಕ್ಕೆ ವಿರುದ್ಧವೆಂದು ವಾದಿಸಿದರು. ಸಂಬಳ ಕೊಡುವ ಸರ್ಕಾರದ ತಪ್ಪನ್ನು ಅದರ ಹೆಸರಿನಲ್ಲೇ ಎತ್ತಿ ತೋರಿಸುವುದು ಸಾಮಾನ್ಯ ಧೈರ್ಯವೆಂದು ನಮಗೆ ತೋರುವುದಿಲ್ಲ.

ಆಸ್ಪತ್ರೆಗಳು ಖಾಸಗಿಯವೆಂದು ಕೆಳ ನ್ಯಾಯಾಲಯವು ದಾವೆಯನ್ನು ವಜಾ ಮಾಡಿತು. ಮೇಲ್ಮನವಿಯ ತೀರ್ಪು ಬಂದದ್ದು 1963ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ. ಐವರು ನ್ಯಾಯಾಧೀಶರಲ್ಲಿ ಮೂವರು ಸಿಮ್ಕಿನ್ಸರ ಪಕ್ಷವನ್ನು ಎತ್ತಿಹಿಡಿದರು. ಆ ವಿಧಿ ಬಿದ್ದುಹೋಯಿತು. ಮರುವರ್ಷದ ಜುಲೈನಲ್ಲಿ ಜಾರಿಗೆ ಬಂದ ನಾಗರಿಕ ಹಕ್ಕುಗಳ ಶಾಸನವು, ಕೇಂದ್ರದ ಹಣ ಪಡೆಯುವ ಯಾವ ಕಾರ್ಯದಲ್ಲೂ ವರ್ಣಭೇದ ಸಲ್ಲದೆಂದು ವಿಧಿಸಿತು.