ತಂದೆಯಾಗಲಿರುವ ತರುಣನ ಕರ್ತವ್ಯಗಳು

(ಗ್ರಾಮೀಣ ದಂಪತಿಗಳ ಸಭೆಯೊಂದರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಪ್ರತಿ ತಿಂಗಳ 9ನೆಯ ತಾರೀಖಿನಂದು ನಮ್ಮ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರ ತಪಾಸಣೆ ನಡೆಯುವುದು ನಿಮಗೆಲ್ಲ ತಿಳಿದೇ ಇದೆ. 2016ರಿಂದ ದೇಶದಾದ್ಯಂತ ಈ ದಿನವನ್ನು ಅದಕ್ಕಾಗಿಯೇ ಮೀಸಲಿರಿಸಲಾಗಿದೆ. ಅಂದು ಒಳಗಿನ ಬೆಂಚುಗಳ ಮೇಲೆ ಗರ್ಭಿಣಿಯರೂ ಅವರ ತಾಯಂದಿರೂ ಅತ್ತೆಯರೂ ಕುಳಿತಿರುತ್ತಾರೆ. ಹೊರಗೆ ಹೊಂಗೆಯ ಮರದ ನೆರಳಿನಲ್ಲಿ ಗಂಡಂದಿರು ನಿಂತಿರುತ್ತಾರೆ. ಹೆಂಡತಿಯನ್ನು ಕರೆತಂದದ್ದಾಯಿತು, ಇನ್ನು ಹಿಂದಕ್ಕೆ ಕರೆದೊಯ್ಯುವುದಷ್ಟೇ ತಮ್ಮ ಕೆಲಸವೆಂಬುದು ಅವರ ಭಾವನೆ. ಇಂದು ನಾನು ಆ ಮರದ ಕೆಳಗೆ ನಿಂತ ತರುಣರನ್ನು ಕುರಿತು ಕೆಲವು ಮಾತುಗಳನ್ನು ಆಡಬಯಸುತ್ತೇನೆ.

ನಾನು ಸೇವೆಗೆ ಸೇರಿದ ಎರಡನೆಯ ವರ್ಷ ನಡೆದ ಸಂಗತಿ ಇದು. ಎಂಟು ತಿಂಗಳು ತುಂಬಿದ್ದ ಚೊಚ್ಚಲ ಗರ್ಭಿಣಿಯೊಬ್ಬಳನ್ನು ನಡುರಾತ್ರಿಯಲ್ಲಿ ನಮ್ಮಲ್ಲಿಗೆ ಹೊತ್ತು ತಂದರು. ಆಕೆಗೆ ಫಿಟ್ಸ್ ಬರುತ್ತಿತ್ತು. ರಕ್ತದ ಒತ್ತಡ ವಿಪರೀತ ಏರಿತ್ತು. ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ನೀಡಿ, 108 ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಇಪ್ಪತ್ತೆರಡರ ಪ್ರಾಯದ ಆಕೆಯ ಗಂಡ ಕೆಲವು ದಿನಗಳ ನಂತರ ಬಂದು ನನ್ನೆದುರು ಕುಳಿತು ಹೇಳಿದ: “ಎರಡು ದಿನದಿಂದ ತಲೆನೋವು, ಕಣ್ಣು ಮಂಜು ಅಂತಿದ್ಲು ಸಾರ್. ಉಷ್ಣ, ಇಳೀತದೆ ಅಂದ್ರು ದೊಡ್ಡೋರು. ಹೆಂಗಸ್ರ ವಿಷಯ, ನಾನೇನು ಹೇಳೋದು ಅಂತ ಸುಮ್ಮನಿದ್ದೆ.”

ಆ ಯುವಕನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ತಿಳಿವಳಿಕೆಗೆ. ಅದಕ್ಕೆ ನಾನೂ ಹೊಣೆಗಾರ. ಆತನ ಪತ್ನಿ ಮೂರು ಬಾರಿ ತಪಾಸಣೆಗೆ ಬಂದಿದ್ದಳು. ಮೂರು ಬಾರಿಯೂ ಆತ ಆ ಮರದ ಕೆಳಗೆ ನಿಂತಿದ್ದ. ಒಮ್ಮೆಯಾದರೂ ನಾನು ಆತನನ್ನು ಒಳಗೆ ಕರೆದಿರಲಿಲ್ಲ. ಅಂದಿನಿಂದ ನಮ್ಮ ಕೇಂದ್ರದಲ್ಲಿ, ಪತ್ನಿ ಒಪ್ಪಿದರೆ, ಪತಿಯನ್ನೂ ಒಳಗೆ ಕರೆದು ಕೂರಿಸುತ್ತೇವೆ.

ನಮ್ಮ ಸಂಪ್ರದಾಯದಲ್ಲಿ ಸೀಮಂತವಾದ ಮೇಲೆ ಚೊಚ್ಚಲ ಹೆರಿಗೆಗೆ ಹೆಣ್ಣನ್ನು ತವರಿಗೆ ಕಳುಹಿಸುತ್ತೇವೆ. ಗರ್ಭಿಣಿಗೆ ತಾಯಿಯ ಆರೈಕೆ ದೊರೆಯಲೆಂಬುದು ಅದರ ಉದ್ದೇಶ, ಅದು ಒಳ್ಳೆಯದೇ. ಆದರೆ ಇದರಿಂದ ಗಂಡನಾದವನು ತನ್ನ ಮಗುವಿನ ಜನನದ ವೇಳೆಗೆ ನೆಂಟನಂತೆ ಆಗಿಬಿಡುತ್ತಾನೆ. ತವರಿಗೆ ಹೋದ ಮಾತ್ರಕ್ಕೆ ಆತನ ಹೊಣೆ ಮುಗಿಯಲಾರದು. ಪತ್ನಿ ಹೊರಡುವ ದಿನ ಆಕೆಯ ತಾಯಿ ಕಾರ್ಡನ್ನು ಬಟ್ಟೆಯ ಗಂಟಿನೊಡನೆ ಮರೆಯದೆ ಕಳುಹಿಸಬೇಕು. ಇಲ್ಲಿಯ ಆಶಾ ಕಾರ್ಯಕರ್ತೆಗೂ ತವರೂರಿನ ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಬೇಕು. ಅಲ್ಲಿಗೆ ಹತ್ತಿರದ ಹೆರಿಗೆ ಆಸ್ಪತ್ರೆ ಯಾವುದೆಂಬುದನ್ನು ಖುದ್ದಾಗಿ ನೋಡಿ ಬರಬೇಕು. ದಿನಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡಿ, “ಮಗು ಆಡುತ್ತಿದೆಯೇ? ಮಾತ್ರೆ ನುಂಗಿದೆಯಾ?” ಎಂದು ಕೇಳಬೇಕು.

ಇನ್ನು, ತಂದೆಯಾಗಲಿರುವವನು ಅರಿತಿರಬೇಕಾದ ಮುಖ್ಯ ವಿಷಯಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ರಕ್ತಪರೀಕ್ಷೆ. ಇದು ಹೆಂಡತಿಗೆ ಮಾತ್ರವೆಂದು ತಿಳಿಯಬೇಡಿ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ತಂದೆಯದು ಪಾಸಿಟಿವ್ ಆಗಿದ್ದರೆ, ಮಗುವಿನ ರಕ್ತವೂ ಪಾಸಿಟಿವ್ ಆಗುವ ಸಂಭವವಿದೆ. ಆಗ ತಾಯಿಯ ದೇಹದಲ್ಲಿ ಆ ರಕ್ತದ ವಿರುದ್ಧ ಪ್ರತಿಕಾಯಗಳು ಹುಟ್ಟಿ, ಮುಂದಿನ ಮಗುವಿಗೆ ಅಪಾಯವಾಗಬಹುದು. ಇದನ್ನು ತಡೆಯಲು ಆ್ಯಂಟಿ-ಡಿ ಎಂಬ ಚುಚ್ಚುಮದ್ದಿದೆ. ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಗಳೊಳಗೆ ಅದನ್ನು ಕೊಡಬೇಕು. ಹಾಗೆಯೇ ಸಿಫಿಲಿಸ್, ಎಚ್‌ಐವಿ ಸೋಂಕುಗಳ ಪರೀಕ್ಷೆಗೂ ಗಂಡಸರು ಹಿಂಜರಿಯಬಾರದು.

ಎರಡನೆಯದು, ರಕ್ತಹೀನತೆ. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ 180 ದಿನಗಳ ಕಾಲ ದಿನಕ್ಕೊಂದರಂತೆ ಕಬ್ಬಿಣಾಂಶದ ಮಾತ್ರೆಯನ್ನೂ, ಹೆರಿಗೆಯ ನಂತರ ಮತ್ತೆ 180 ದಿನಗಳ ಕಾಲ ಅದನ್ನೇ ಸೇವಿಸಬೇಕು. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಅನೇಕರು ಮಧ್ಯದಲ್ಲಿಯೇ ಬಿಟ್ಟುಬಿಡುತ್ತಾರೆ. ರಾತ್ರಿ ಊಟವಾದ ಮೇಲೆ ಮಾತ್ರೆಯನ್ನೂ ಒಂದು ಲೋಟ ನೀರನ್ನೂ ಗಂಡನೇ ತಂದುಕೊಡಲಿ. ಅದರೊಡನೆ ಕಾಫಿ, ಚಹಾ ಬೇಡ. ಅವು ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತವೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದುದನ್ನು ಗರ್ಭಿಣಿ ಉಣ್ಣುವ ಪದ್ಧತಿ ನಿಲ್ಲಬೇಕು. ಮನೆಯೊಳಗೆ ಬೀಡಿ, ಸಿಗರೇಟು ಸೇದಬಾರದು; ಆ ಹೊಗೆ ಗರ್ಭದಲ್ಲಿನ ಮಗುವಿಗೂ ಹಾನಿಕರ.

ಮೂರನೆಯದು, ಅಪಾಯದ ಚಿಹ್ನೆಗಳು. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳು ಊದಿಕೊಳ್ಳುವುದು, ಫಿಟ್ಸ್, ಜ್ವರ, ಮಗುವಿನ ಚಲನೆ ಕಡಿಮೆಯಾಗುವುದು, ನೋವು ಬರುವ ಮೊದಲೇ ನೀರು ಹೋಗುವುದು—ಇವುಗಳಲ್ಲಿ ಯಾವುದೊಂದು ಕಂಡರೂ ಯಾರ ಅಪ್ಪಣೆಗೂ ಕಾಯಬೇಡಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗಬಾರದು. ಯಾವ ಆಸ್ಪತ್ರೆ, ಯಾವ ವಾಹನ, ಅಗತ್ಯ ಬಿದ್ದರೆ ರಕ್ತ ಕೊಡುವವರು ಯಾರು, ಕೈಯಲ್ಲಿ ಎಷ್ಟು ಹಣವಿದೆ ಎಂಬುದನ್ನು ಏಳನೆಯ ತಿಂಗಳಿನಲ್ಲಿಯೇ ಗಂಡ ಹೆಂಡಿರು ಕುಳಿತು ನಿರ್ಧರಿಸಿರಬೇಕು. 108ಕ್ಕೆ ಕರೆ ಮಾಡಿದರೆ ವಾಹನ ಉಚಿತ. 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯೂ, ಶಸ್ತ್ರಚಿಕಿತ್ಸೆಯ ಹೆರಿಗೆಯೂ ಸಂಪೂರ್ಣ ಉಚಿತ.

ನಾಲ್ಕನೆಯದು, ಹೆಣ್ಣೋ ಗಂಡೋ ಎಂಬ ಪ್ರಶ್ನೆ. ತಾಯಿಯಿಂದ ಮಗುವಿಗೆ ಎಕ್ಸ್ ಎಂಬ ವರ್ಣತಂತು ಮಾತ್ರ ಬರುತ್ತದೆ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಅದು ತಂದೆಯ ಕೈಯಲ್ಲಿಯೂ ಇಲ್ಲ. ಆದುದರಿಂದ ಹೆಣ್ಣು ಹೆತ್ತಳೆಂದು ಹೆಂಡತಿಯನ್ನು ಹಳಿಯುವುದು ಅಜ್ಞಾನ. ಗರ್ಭದಲ್ಲಿನ ಮಗುವಿನ ಲಿಂಗವನ್ನು ಪತ್ತೆ ಮಾಡಿಸುವುದು 1994ರ ಕಾಯಿದೆಯ ಪ್ರಕಾರ ಅಪರಾಧ. ಮನೆಯ ಹಿರಿಯರು ಸೊಸೆಯನ್ನು ಚುಚ್ಚಿ ಮಾತನಾಡಿದಾಗ ಗಂಡನೇ ಮುಂದೆ ನಿಂತು ಇದನ್ನು ವಿನಯದಿಂದ ತಿಳಿಸಿ ಹೇಳಲಿ.

ಹೆರಿಗೆಯ ಸಮಯದಲ್ಲಿ ನಂಬಿಕೆಯ ಜೊತೆಗಾರರೊಬ್ಬರು ಹತ್ತಿರವಿದ್ದರೆ ತಾಯಿಗೆ ಧೈರ್ಯ ಬರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ 2016ರಲ್ಲಿಯೇ ಅನುಮತಿ ನೀಡಲಾಗಿದೆ. ಸಾಮಾನ್ಯವಾಗಿ ಹೆತ್ತು ಅನುಭವವುಳ್ಳ ಹೆಂಗಸರು ಒಳಗಿರುತ್ತಾರೆ. ಪ್ರತ್ಯೇಕ ಮರೆಯ ಸೌಕರ್ಯವಿರುವೆಡೆ ಪತಿಯೂ ಇರಬಹುದು. ನನ್ನ ಮೊದಲ ಮಗು ಹುಟ್ಟಿದಾಗ, ಅನೇಕ ಹೆರಿಗೆಗಳನ್ನು ಮಾಡಿಸಿದ್ದ ನಾನೇ ಹೊರಗಿನ ಮೊಗಸಾಲೆಯಲ್ಲಿ ನಡುಗುತ್ತ ನಿಂತಿದ್ದೆ. ಭಯವಾಗುವುದು ನಾಚಿಕೆಯ ವಿಷಯವಲ್ಲ. ಭಯದಿಂದ ದೂರ ಸರಿಯುವುದು ಮಾತ್ರ ಸಲ್ಲದು.

ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವಿಗೆ ತಾಯಿಯ ಹಾಲು ಸಿಗಬೇಕು. ಆರು ತಿಂಗಳವರೆಗೆ ಎದೆಹಾಲಿನ ಹೊರತು ಜೇನುತುಪ್ಪವಾಗಲಿ, ಸಕ್ಕರೆ ನೀರಾಗಲಿ ಬೇಡ. ಬಾಣಂತಿಗೆ ನೀರು ಕೊಡಬಾರದೆಂಬ ನಂಬಿಕೆ ಕೆಲವೆಡೆ ಇದೆ. ಇದು ತಪ್ಪು, ಹಾಲೂಡಿಸುವ ತಾಯಿಗೆ ಬಾಯಾರಿಕೆ ಹೆಚ್ಚು. ನೀರಿನ ಚೊಂಬನ್ನು ಗಂಡನೇ ಆಕೆಯ ಹಾಸಿಗೆಯ ಬಳಿ ಇರಿಸಲಿ. ಮಗುವಿನ ತೂಕ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆಯಿದ್ದರೆ, ವೈದ್ಯರ ಸಲಹೆಯಂತೆ ಅದನ್ನು ಬರಿಯ ಎದೆಗೆ ಅಪ್ಪಿಕೊಂಡು ಬೆಚ್ಚಗಿಡುವ ‘ಕಾಂಗರೂ ಆರೈಕೆ’ ಮಾಡಬೇಕು. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ ಆರಂಭವಾದ ಈ ಕ್ರಮಕ್ಕೆ ಯಾವ ಯಂತ್ರವೂ ಬೇಕಿಲ್ಲ. ತಾಯಿ ದಣಿದಾಗ ತಂದೆಯ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಹಾಲೂಡಿಸುವುದೊಂದನ್ನು ಬಿಟ್ಟರೆ, ಮಗುವನ್ನು ಮಲಗಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು, ಲಸಿಕೆಗೆ ಕರೆತರುವುದು—ಯಾವುದೂ ತಂದೆಗೆ ಬಾರದ ಕೆಲಸವಲ್ಲ.

ಬಾಣಂತಿಯು ಕಾರಣವಿಲ್ಲದೆ ಅಳುವುದು, ನಿದ್ದೆಗೆಡುವುದು, ಮಗುವಿನ ಕಡೆ ನೋಡದಿರುವುದು ಎರಡು ವಾರ ಮೀರಿ ಮುಂದುವರಿದರೆ ಅದು ಕಾಯಿಲೆ, ಗಾಳಿ ಸೋಕಿದ್ದಲ್ಲ. ಜೀವ ಬೇಡವೆಂದಳಾದರೆ ಎರಡು ವಾರ ಕಾಯದೆ ಅಂದೇ ಕರೆತನ್ನಿ. ಸಾಲ, ನಿದ್ದೆಗೇಡು, ಹೊಸ ಹೊಣೆಗಳಿಂದ ತರುಣ ತಂದೆಯ ಮನಸ್ಸೂ ಕುಗ್ಗುವುದುಂಟು. ಅದಕ್ಕೆ ಹೆಂಡ ಮದ್ದಲ್ಲ. ನಮ್ಮಲ್ಲಿಗೆ ಬನ್ನಿ, ಇಲ್ಲವೇ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಿ.

ಇಲ್ಲಿರುವ ಹಿರಿಯರಲ್ಲಿಯೂ ನನ್ನದೊಂದು ಬಿನ್ನಹವಿದೆ. ಹೆಂಡತಿಗೆ ನೀರು ಹೊತ್ತು ತಂದ ಮಗನನ್ನು “ಅಮ್ಮಾವ್ರ ಗಂಡ” ಎಂದು ಹಾಸ್ಯ ಮಾಡಬೇಡಿ. ನಿಮ್ಮ ಒಂದು ನಗೆ ಆತನನ್ನು ಮತ್ತೆ ಆ ಮರದ ಕೆಳಗೆ ಕಳುಹಿಸಿಬಿಡುತ್ತದೆ. “ಒಳಗೆ ಹೋಗಪ್ಪಾ, ಡಾಕ್ಟರು ಏನು ಹೇಳುತ್ತಾರೋ ಕೇಳಿಕೊಂಡು ಬಾ” ಎಂದು ನೀವೇ ಹೇಳಿದರೆ, ಆತನಿಗೆ ಅದಕ್ಕಿಂತ ದೊಡ್ಡ ಬೆಂಬಲ ಬೇರೊಂದಿಲ್ಲ.

ಕೊನೆಯದಾಗಿ, ಮಕ್ಕಳ ನಡುವಣ ಅಂತರ. ಒಂದು ಮಗುವಿಗೂ ಇನ್ನೊಂದಕ್ಕೂ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ದೇಹ ಚೇತರಿಸಿಕೊಳ್ಳುತ್ತದೆ. ಯಾವ ವಿಧಾನವನ್ನು ಅನುಸರಿಸಬೇಕೆಂಬುದನ್ನು ಇಬ್ಬರೂ ಸೇರಿ ನಿರ್ಧರಿಸಿರಿ. ಎಲ್ಲ ಭಾರವನ್ನೂ ಆಕೆಯ ಮೇಲೆ ಹೊರಿಸಬೇಡಿ. ಮಕ್ಕಳು ಸಾಕೆಂದು ಇಬ್ಬರೂ ತೀರ್ಮಾನಿಸಿದ ಮೇಲೆ, ಪುರುಷರಿಗೆ ಕತ್ತಿ ತಾಗಿಸದೆ, ಹೊಲಿಗೆ ಹಾಕದೆ ಮಾಡುವ ಸರಳ ಶಸ್ತ್ರಚಿಕಿತ್ಸೆ ಲಭ್ಯವಿದೆ. ಅದರಿಂದ ದುಡಿಯುವ ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ. ಆದರೆ ಮೂರು ತಿಂಗಳ ನಂತರ ವೀರ್ಯಪರೀಕ್ಷೆ ಮಾಡಿಸುವವರೆಗೆ ನಿರೋಧ್ ಬಳಸಲೇಬೇಕು.

ನಾನು ಮೊದಲು ಹೇಳಿದ ಆ ಯುವಕ ಎರಡು ವರ್ಷಗಳ ನಂತರ ಮತ್ತೆ ಪತ್ನಿಯೊಡನೆ ಬಂದ. ಈ ಬಾರಿ ಆತ ಮರದ ಕೆಳಗೆ ನಿಲ್ಲಲಿಲ್ಲ. ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ಆಕೆಯ ಪಕ್ಕದಲ್ಲಿ ಕುಳಿತು, ರಕ್ತದ ಒತ್ತಡ ಎಷ್ಟಿದೆಯೆಂದು ಪ್ರತಿ ಸಲವೂ ಕೇಳಿ ತಿಳಿದುಕೊಂಡ. ಅವರ ಮಗಳು ಈಗ ಅಂಗನವಾಡಿಗೆ ಹೋಗುತ್ತಿದ್ದಾಳೆ.

ಮುಂದಿನ 9ನೆಯ ತಾರೀಖಿನಂದು ತಾವೂ ಜೊತೆಯಾಗಿ ಬನ್ನಿರಿ. ಒಳಗೆ ಇಬ್ಬರಿಗೂ ಕುಳಿತುಕೊಳ್ಳಲು ಸ್ಥಳವಿದೆ.