ಬೆನ್ನೊಳಗೆ ನಾದ ಇಟ್ಟುಕೊಂಡ ಗಿಟಾರು

ಬೀದರಿನಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಅಷ್ಟೂರ. ಬಹಮನಿ ಸುಲ್ತಾನರ ಗುಮ್ಮಟಗಳು ಅಲ್ಲಿ ಸಾಲಾಗಿ ನಿಂತಿವೆ. ಆ ಸುಲ್ತಾನರಲ್ಲೊಬ್ಬನಾದ, 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿಯ ಉರುಸು ನಡೆಯುವುದು ಹೋಳಿ ಹುಣ್ಣಿಮೆ ಕಳೆದ ಮೇಲೆ, ನಮ್ಮ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಬಂದು ಶಂಖ ಊದಿ ಹೂವು ಏರಿಸುತ್ತಾರೆ. ಕೆಲವರಿಗೆ ಆತ ವಲಿ, ಕೆಲವರಿಗೆ ಅಲ್ಲಮಪ್ರಭು.

ನಮ್ಮ ಭಾಗದಲ್ಲಿ ಉರುಸು ಅಂದರೆ ಖವ್ವಾಲಿ. ಎಷ್ಟೋ ಮೇಳಗಳಲ್ಲಿ ಹಾರ್ಮೋನಿಯಂ, ಢೋಲಕ್ ಪಕ್ಕದಲ್ಲಿ ಉದ್ದನೆಯ ಪೆಟ್ಟಿಗೆಯೊಂದು ಇರುತ್ತದೆ. ಎಡಗೈಯಿಂದ ಟೈಪ್‌ರೈಟರಿನಂಥ ಗುಂಡಿ ಒತ್ತುತ್ತಾರೆ, ಬಲಗೈಯ ನಖಿಯಿಂದ ತಂತಿ ಮೀಟುತ್ತಾರೆ. ಬ್ಯಾಂಜೊ ಎಂದು ಕರೆಯುತ್ತೇವೆ. ಬುಲ್‌ಬುಲ್ ತರಂಗ್ ಅನ್ನುವುದೂ ಅದನ್ನೇ. ಇವತ್ತು ನಾನು ಹೇಳಹೊರಟಿದ್ದು ಎಲೆಕ್ಟ್ರಿಕ್ ಗಿಟಾರಿನ ಕಥೆ. ಆದರೆ ಅದಕ್ಕೆ ಈ ಬ್ಯಾಂಜೊದಿಂದಲೇ ಹೊರಡಬೇಕು.

1912ರಲ್ಲಿ ಜಪಾನಿನ ನಗೋಯಾ ನಗರದಲ್ಲಿ ಮೊರಿತಾ ಗೊರೊ ಎಂಬುವರು ತಮ್ಮ ನಾಡಿನ ಎರಡು ತಂತಿಯ ಹಳೆಯ ವಾದ್ಯಕ್ಕೆ ಟೈಪ್‌ರೈಟರಿನ ಗುಂಡಿಗಳನ್ನು ಜೋಡಿಸಿದರು. ಅದಕ್ಕೆ ತೈಶೊಗೊತೊ ಎಂದು ಹೆಸರಾಯಿತು. ಅದು ಹಡಗು ಹತ್ತಿ ಹಿಂದೂಸ್ತಾನಕ್ಕೆ ಬಂತು. ನಮ್ಮ ಬಡಗಿಗಳು ನೋಡಿ ನೋಡಿ ಮಾಡಿದರು, ಶ್ರುತಿಗೆಂದು ತಂತಿ ಹೆಚ್ಚಿಸಿದರು. ಮುಂದೆ ಧ್ವನಿವರ್ಧಕದ ಕಾಲ ಬಂದಾಗ ತಂತಿಯ ಕೆಳಗೆ ಪಿಕಪ್ ಕೂಡಿಸಿದರು. ಮಹಾರಾಷ್ಟ್ರದಲ್ಲಿ ಗಣಪತಿ ಮೆರವಣಿಗೆಗೆ ಬ್ಯಾಂಜೊ ಪಾರ್ಟಿಗಳೇ ಹುಟ್ಟಿಕೊಂಡವು. 2016ರಲ್ಲಿ ಅವರ ಬದುಕಿನ ಮೇಲೆ 'ಬ್ಯಾಂಜೊ' ಎಂಬ ಹಿಂದಿ ಸಿನಿಮಾವೂ ಬಂತು. ನಕಲು ಮಾಡಿದ್ದು ಹೌದು. ಆದರೆ ಖವ್ವಾಲಿಯ ಕೊನೆಯ ತಾರಕದಲ್ಲಿ ಆ ತಂತಿ ಮಿಡಿಯುವಾಗ ಅದು ಯಾರ ನಕಲೂ ಅಲ್ಲ.

ಅದೇ ನಗೋಯಾದಲ್ಲಿ ಹೊಶಿನೊ ಎಂಬ ಪುಸ್ತಕದಂಗಡಿಯವರು 1908ರಲ್ಲಿ ವಾದ್ಯ ಮಾರಾಟಕ್ಕೆ ಕೈ ಹಾಕಿದ್ದರು. ಗಿಟಾರ್ ನುಡಿಸುವವರಿಗೆಲ್ಲ ಗೊತ್ತಿರುವ ಐಬನೆಜ್ ಗಿಟಾರು ಈ ಮನೆತನದ್ದೇ. ಅತ್ತ ಅಮೆರಿಕದಲ್ಲಿ 1965ರಲ್ಲಿ ಗಿಟಾರು ಮಾಡುವ ಫೆಂಡರ್ ಕಂಪನಿ ಪ್ರಸಾರ ಸಂಸ್ಥೆ ಸಿಬಿಎಸ್ ಕೈಗೆ ಹೋಯಿತು. 1969ರಲ್ಲಿ ಇನ್ನೊಂದು ಗಿಟಾರ್ ಕಂಪನಿ ಗಿಬ್ಸನ್ ಕೂಡ ಒಡೆತನ ಬದಲಿಸಿತು. ಮಾಲು ಮೊದಲಿನಂತಿಲ್ಲ, ಬೆಲೆ ಮಾತ್ರ ಇಳಿದಿಲ್ಲ ಎಂದು ಹುಡುಗರು ಗೊಣಗುತ್ತಿದ್ದ ಹೊತ್ತಿಗೆ ಐಬನೆಜ್ ಸೇರಿದಂತೆ ಜಪಾನಿನ ನಕಲು ಗಿಟಾರುಗಳು ಅಮೆರಿಕದ ಅಂಗಡಿಗೆ ಬಂದು ಕೂತವು. ಅದೇ ಆಕಾರ, ಅದೇ ಬಣ್ಣ, ಕಡಿಮೆ ದುಡ್ಡು. 1977ರಲ್ಲಿ ಗಿಬ್ಸನ್ ಒಡೆಯರು ಗಿಟಾರಿನ ತಲೆಯ ಆಕಾರವನ್ನೇ ಮುಂದಿಟ್ಟು ಹೊಶಿನೊದ ಅಮೆರಿಕ ಶಾಖೆಯ ಮೇಲೆ ದಾವೆ ಹೂಡಿದರು. ಮರುವರ್ಷ ರಾಜಿಯಾಯಿತು.

ಈ ನಕಲುಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಎಲೆಕ್ಟ್ರಾ ಎಂಪಿಸಿ ಎಂಬ ಗಿಟಾರು. ಮಾರುತ್ತಿದ್ದವರು ಅಮೆರಿಕದ ಸೇಂಟ್ ಲೂಯಿಸ್ ಮ್ಯೂಸಿಕ್, ಮಾಡುತ್ತಿದ್ದದ್ದು ಜಪಾನಿನ ಮತ್ಸುಮೊಕು ಕಾರ್ಖಾನೆ, 1970ರ ದಶಕದ ನಡುವಿನಿಂದ. ಮುಂದಿನಿಂದ ನೋಡಿದರೆ ಗಿಬ್ಸನ್ನಿನ ಲೆಸ್ ಪಾಲ್ ಗಿಟಾರೇ. ತಿರುಗಿಸಿ ಬೆನ್ನಿನ ಮುಚ್ಚಳ ತೆಗೆದರೆ ಎರಡು ಪುಟ್ಟ ಪೆಟ್ಟಿಗೆ ಕೂಡಿಸುವ ಗೂಡು. ನಾದ ಬದಲಿಸುವ ಪೆಟ್ಟಿಗೆಗಳವು: ಒಂದು ಫೇಸರ್, ಇನ್ನೊಂದು ಫಜ್. ಬೇಡವಾದರೆ ಕಿತ್ತು ಬೇರೆಯದು ಹಾಕಬಹುದು. ಅಸಲಿ ಲೆಸ್ ಪಾಲ್‌ನಲ್ಲಿ ಈ ಗೂಡು ಇರಲಿಲ್ಲ!

ಇಂಥ ಗಿಟಾರು ಹೇಗೆ ಕೆಲಸ ಮಾಡುತ್ತದೆ ಎಂದರೆ, ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು. ಇದೇ ಪಿಕಪ್. ಮೇಲಿನ ತಂತಿ ಅಲುಗಿದರೆ ತಾಮ್ರದಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಟ್ರಾನ್ಸಿಸ್ಟರು ತಾಳಲಾರದಷ್ಟು ಅದನ್ನು ಹಿಗ್ಗಿಸಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಆ ಒರಟು ದನಿಯೇ ಫಜ್. ಅದೇ ವಿದ್ಯುತ್ತನ್ನು ಎರಡಾಗಿ ಒಡೆದು, ಒಂದರ ಅಲೆಯನ್ನು ಅಷ್ಟಿಷ್ಟು ಹಿಂದೆ ಮುಂದೆ ಸರಿಸುತ್ತ ಮತ್ತೆ ಬೆರೆಸಿದರೆ ನಾದ ಸುಳಿ ಸುತ್ತುತ್ತ ಬರುತ್ತದೆ, ಅದು ಫೇಸರ್. ಇದಕ್ಕೆಲ್ಲ 9 ವೋಲ್ಟಿನ ಬ್ಯಾಟರಿ ಸಾಕು.

ಇವನ್ನು ಗಿಟಾರಿನೊಳಗೇ ಕೂಡಿಸುವ ಯೋಚನೆ ಜಪಾನಿನದೇ ಎಂದೂ ಹೇಳಲಾಗದು. 1960ರ ದಶಕದಲ್ಲೇ ಇಂಗ್ಲೆಂಡಿನ ವಾಕ್ಸ್ ಕಂಪನಿ, ಇಟಲಿಯ ರೆಕನಾತಿ ಊರಿನ ಏಕೊ ಕಾರ್ಖಾನೆಯಲ್ಲಿ ಇಂಥವನ್ನು ಮಾಡಿಸಿತ್ತು. ಅವರ ಸ್ಟಾರ್‌ಸ್ಟ್ರೀಮ್ ಗಿಟಾರಿನಲ್ಲಿ ಅಂಗೈಯಿಂದ ಒತ್ತಿ ದನಿ ಹೊರಳಿಸುವ ವಾ-ವಾ ಇತ್ತು, ಶ್ರುತಿ ಕೂಡಿಸಿಕೊಳ್ಳಲು ಒಂದು ಸ್ವರವೂ ಒಳಗೇ ಇತ್ತು. ನುಡಿಸುವವನು ನಾದ ಬದಲಿಸಲು ಕಾಲ ಬಳಿಯ ಡಬ್ಬಿಗಳನ್ನು ತುಳಿಯಬೇಕಿಲ್ಲ, ಎಲ್ಲವೂ ಕೈಯಳತೆಯಲ್ಲಿ. ಆದರೂ ಡಬ್ಬಿಗಳೇ ಗೆದ್ದವು. ಕೈ ತಂತಿಯ ಮೇಲಿರುವಾಗ ಕಾಲಿಗೆ ಬಿಡುವಿರುತ್ತದೆ ನೋಡಿ. ಡಬ್ಬಿ ಕೆಟ್ಟರೆ ಡಬ್ಬಿಯನ್ನಷ್ಟೇ ಬದಲಿಸಬಹುದು. ಗಿಟಾರನ್ನೇ ರಿಪೇರಿಗೆ ಒಯ್ಯಬೇಕಾಗಿಲ್ಲ.

ನಮ್ಮ ದೇಶಕ್ಕೆ ಆಗ ವಿದೇಶಿ ವಾದ್ಯ ತರಿಸುವುದು ಸುಲಭವಿರಲಿಲ್ಲ. ಆಮದಿಗೆ ಪರವಾನಗಿ ಬೇಕು, ಸುಂಕ ಬೇರೆ. ಕೋಲ್ಕತ್ತಾದ ಗಿವ್ಸನ್, ಹಾಬ್ನರ್ ಗಿಟಾರುಗಳು ಆ ಕೊರತೆ ತುಂಬಿದವು. ಹೆಸರು ಕೇಳಿದರೇ ಯಾವುದನ್ನು ನೋಡಿ ಮಾಡಿದ್ದು ಎಂದು ತಿಳಿಯುತ್ತದೆ. ಹಾಗೆಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ರೇಡಿಯೋದಲ್ಲಿ ಸಿನಿಮಾ ಹಾಡು ಕೇಳಿ ಗಿಟಾರಿನ ಹುಚ್ಚು ಹಿಡಿಸಿಕೊಂಡ ಸಣ್ಣ ಊರಿನ ಹುಡುಗನ ಕೈಗೆ ಎಟುಕುತ್ತಿದ್ದದ್ದು ಇಂಥ ವಾದ್ಯಗಳೇ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ ಇಳಯರಾಜ ಮುಂದೆ ಏನಾದರೆಂದು ನಿಮಗೆಲ್ಲ ಗೊತ್ತಿದೆ. ಊರೂರಿನ ಆರ್ಕೆಸ್ಟ್ರಾಗಳಲ್ಲಿ ನುಡಿಸಿದವರ ಹೆಸರು ಎಲ್ಲೂ ದಾಖಲಾಗಿಲ್ಲ, ಅವರ ವಾದ್ಯಗಳಾದರೂ ಉಳಿಯಬೇಕು.

ಅದಕ್ಕೇ ಒಂದು ಮಾತು. ಬೀದರ, ಭಾಲ್ಕಿ, ಔರಾದಗಳಲ್ಲಿ ಯಾರ ಮನೆಯಲ್ಲಾದರೂ ಹಳೆಯ ಎಲೆಕ್ಟ್ರಿಕ್ ಗಿಟಾರು, ಪಿಕಪ್ ಹಾಕಿಸಿದ ಬ್ಯಾಂಜೊ ಮೂಲೆ ಸೇರಿದ್ದರೆ ಗುಜರಿಗೆ ಹಾಕಬೇಡಿ. ಒಳಗೆ ಬ್ಯಾಟರಿ ಇದ್ದರೆ ಮೊದಲು ಅದನ್ನು ತೆಗೆಯಿರಿ. ಅದು ಸೋರಿದರೆ ಬೋರ್ಡಿನ ತಾಮ್ರವನ್ನು ತಿಂದುಹಾಕುತ್ತದೆ. ತಂತಿಗಳನ್ನು ಸ್ವಲ್ಪ ಸಡಿಲಿಸಿ, ಕುತ್ತಿಗೆ ಬಾಗದಿರಲಿ. ಗುಂಡಿ ತಿರುಗಿಸಿದಾಗ ಕರಕರ ಎಂದರೆ ಹೆದರಬೇಕಿಲ್ಲ, ಬಹುಪಾಲು ಅದು ಒಳಗಿನ ಧೂಳು. ಟ್ರಾನ್ಸಿಸ್ಟರು, ಕೆಪಾಸಿಟರುಗಳಿಂದ ಕಟ್ಟಿದ ಈ ಸರ್ಕಿಟ್ಟು ಹಳೇ ರೇಡಿಯೋ ರಿಪೇರಿ ಬಲ್ಲವರಿಗೆ ಹೊಸದೇನಲ್ಲ. ನಿಮ್ಮೂರಿನಲ್ಲಿ ಅಂಥವರು ಇನ್ನೂ ಇದ್ದರೆ ಈ ವಾರವೇ ಒಯ್ದು ತೋರಿಸಿ.